ಜಂಟಿ ಸದನ ಸಮಿತಿಯಿಂದ ಆಗೋದೇನು?

ಪ್ರಶ್ನೆ: ಅಧಿವೇಶನ ಬಂದ್ರೆ ಸಾಕು, ವಿರೋಧ ಪಕ್ಷದೋರು ‘ಜಂಟಿ ಸದನ ಸಮಿತಿ ಮಾಡಿ’ ಅಂತ ಬಾವಿಗಿಳೀತಾರೆ. ಪೊಲೀಸು, ಲೋಕಾಯುಕ್ತ ಎಲ್ಲಾ ಇರುವಾಗ ಎಮ್ಮೆಲ್ಲೆಗಳ ಸಮಿತಿ ಯಾಕೆ ಸರ್? ದಿಲ್ಲಿ ಜೆಪಿಸಿನೂ (ಜಂಟಿ ಸಂಸದೀಯ ಸಮಿತಿ) ಇದೇನಾ?
– ಓದುಗರು, ತಿಪಟೂರು

ಉತ್ತರ: ಹೆಚ್ಚುಕಮ್ಮಿ ಅದೇ. ಅಲ್ಲಿ ಲೋಕಸಭೆ, ರಾಜ್ಯಸಭೆ, ಇಲ್ಲಿ ವಿಧಾನಸಭೆ, ಪರಿಷತ್ತು, ಎರಡೂ ಕಡೆಯಿಂದ ಸದಸ್ಯರನ್ನ ಸೇರಿಸಿ ಮಾಡೋದು. 2024ರಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ ಮಾಡಿದ ಜೆಪಿಸಿಲಿ ಲೋಕಸಭೆಯವರು 21, ರಾಜ್ಯಸಭೆಯವರು 10.

ಯಾಕೆ ಅಂದ್ರಲ್ಲ, ನಮ್ಮ ರಾಜ್ಯದ್ದೇ ಹೇಳ್ತೀನಿ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಅರಕಲಗೂಡು ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಲಿ ಜಂಟಿ ಸದನ ಸಮಿತಿ ಆಗಿತ್ತು, 2007ರಲ್ಲಿ ವರದಿ ಕೊಡ್ತು, ಒತ್ತುವರಿ ಲೆಕ್ಕ 27 ಸಾವಿರ ಎಕರೆ ದಾಟಿತ್ತು. ಈ ಒತ್ತುವರಿ ನಡೆಯೋದು ಹೇಗೆ ಅಂದ್ರೆ ಗೋಮಾಳದ ಸರ್ವೆ ನಂಬರಿಗೆ ಹಳೇ ತಾರೀಖಿನ ಸುಳ್ಳು ಮಂಜೂರಾತಿ ಸೃಷ್ಟಿಸ್ತಾರೆ, ಪಹಣಿಲಿ ಹೆಸರು ಕೂರಿಸ್ತಾರೆ, ಆಮೇಲೆ ಲೇಔಟು, ಸೈಟು, ಅಷ್ಟೊತ್ತಿಗೆ ಪಾಪ ಸಾಲ ಮಾಡಿ ಸೈಟ್ ತಗೊಂಡೋನು ಮಧ್ಯದಲ್ಲಿ ಸಿಕ್ಕಾಕೊಂಡಿರ್ತಾನೆ. ಇಂಥ ಕಡೆ ತಹಶೀಲ್ದಾರರನ್ನ, ಡಿಸಿನ ಫೈಲ್ ಸಮೇತ ಕರೆಸಿ ಕೂರಿಸಿಕೊಳ್ಳೋ ಅಧಿಕಾರ ಸಮಿತಿಗಿದೆ. ಸುಮ್ನೆ ತಪ್ಪಿಸಿಕೊಂಡ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಅಧಿಕಾರಕ್ಕೇ ಧಕ್ಕೆ ತಂದ ತಪ್ಪು, ಆಗುತ್ತೆ. ಆಮೇಲೆ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, ವಿಶೇಷ ನ್ಯಾಯಾಲಯ ಶುರುವಾಗೋ ಹೊತ್ತಿಗೆ 2016. ಇಷ್ಟು ತಡ ಆಗಿದ್ದು ನನಗೆ ಇವತ್ತಿಗೂ ಸಂಕಟ.

ಕೊರತೆ ಇರೋದು ಎರಡು ಕಡೆ. ವರದಿ ಬರೀ ಶಿಫಾರಸು, ಕೇಸು ಹಾಕೋದು, ಜಮೀನು ಬಿಡಿಸೋದು ಸರ್ಕಾರದ ಕೈಲೇ ಇರುತ್ತೆ. ಇನ್ನೊಂದು, ಆಳುವ ಪಕ್ಷದ್ದೇ ಬಹುಮತ. ಬೊಫೋರ್ಸ್ ಫಿರಂಗಿ ಖರೀದಿಲಿ ಲಂಚದ ಆರೋಪ ಬಂದಾಗ ಮಾಡಿದ 1987ರ ಜೆಪಿಸಿ ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ್, ಮುಖ್ಯ ವಿರೋಧ ಪಕ್ಷಗಳು ಅದಕ್ಕೆ ಸೇರಲೇ ಇಲ್ಲ, ಲಂಚಕ್ಕೆ ಸಾಕ್ಷಿ ಇಲ್ಲ ಅಂತ ವರದಿ ಬಂದಾಗ ಜನ ನಂಬಲೂ ಇಲ್ಲ. ಅದೇ ಸರ್ಕಾರದ ಖರ್ಚಿನ ಲೆಕ್ಕ ನೋಡೋ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡಿ, ಅದೂ ಎರಡು ಸದನದ್ದೇ, ಲೋಕಸಭೆಯವರು 15, ರಾಜ್ಯಸಭೆಯವರು 7, ಆದ್ರೆ 1967ರಿಂದ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಕೊಡೋ ಸಂಪ್ರದಾಯ. ಹಗರಣದ ತನಿಖೆಗೆ ಅಂತ ಮಾಡೋ ಜಂಟಿ ಸಮಿತಿಗೂ ಹಾಗೇ ಆಗಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ನಿಮ್ಮೂರಿನ ಗೋಮಾಳವೋ ಕೆರೆಯೋ ಇಂಥ ಯಾವುದಾದ್ರೂ ವರದಿಲಿ ಇದ್ರೆ, ಆ ಶಿಫಾರಸಿನ ಮೇಲೆ ಏನು ಕ್ರಮ ಆಯ್ತು ಅಂತ ಕಂದಾಯ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಸರ್ವೆ ನಂಬರ್ ಬರೆಯೋದು ಮಾತ್ರ ಮರೀಬೇಡಿ.