ಕೈ ಮರಗಟ್ಟಿದಾಗ ನರದೊಳಗೆ ಏನಾಗುತ್ತದೆ?

ಪ್ರಶ್ನೆ: ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸದೆ, ಕೊರಳ ಬುಡದಲ್ಲಿ ಕಾಲರ್ ಮೂಳೆಯ ಮೇಲೆ ಇಂಜೆಕ್ಷನ್ ಕೊಟ್ಟರು. ಕೈ ಎಳೆಯುವುದು ತಿಳಿಯುತ್ತಿತ್ತು, ನೋವು ಮಾತ್ರ ಇರಲಿಲ್ಲ. ಮಾರನೆಯ ಬೆಳಿಗ್ಗೆಯವರೆಗೆ ಬೆರಳು ಅಲ್ಲಾಡಲಿಲ್ಲ, ಈಗ ಸರಿಯಾಗಿದೆ. ಆದರೂ ನರಕ್ಕೆ ಚುಚ್ಚಿದರೆ ನರ ಸಾಯುತ್ತದೆ ಎಂದು ನಮ್ಮ ಅತ್ತೆ ಹೆದರುತ್ತಿದ್ದಾರೆ. ನಿಜವೇ ಡಾಕ್ಟರೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ನರ ಸತ್ತಿಲ್ಲ ಎಂದು ಅತ್ತೆಯವರಿಗೆ ಮೊದಲು ಹೇಳಿಬಿಡಿ. ಸೂಜಿಯನ್ನು ನರದೊಳಗೆ ಚುಚ್ಚುವುದಿಲ್ಲ, ನರದ ಪಕ್ಕದಲ್ಲಿ ಔಷಧ ಬಿಡುತ್ತೇವೆ. ಅಲ್ಟ್ರಾಸೌಂಡ್ ಇದ್ದರೆ ಸೂಜಿಯ ತುದಿಯೂ ನರವೂ ಪರದೆಯ ಮೇಲೆ ಕಾಣುತ್ತವೆ. ಕೈಯ ನರಗಳೆಲ್ಲ ಕತ್ತಿನ ಮೂಳೆಗಳ ನಡುವಿನಿಂದ ಹೊರಟು, ಕಾಲರ್ ಮೂಳೆಯ ಬಳಿ ಒಂದೇ ಗೊಂಚಲಾಗಿ ಹಾದುಹೋಗುತ್ತವೆ. ಮಣಿಕಟ್ಟಿಗಾಗಿ ಕೊರಳ ಬುಡಕ್ಕೆ ಬರುವುದು ಅದಕ್ಕೇ.

ನೋವಿನ ಸುದ್ದಿ ನರದಲ್ಲಿ ವಿದ್ಯುತ್ ಅಲೆಯಾಗಿ ಸಾಗುತ್ತದೆ. ನರತಂತುವಿನ ಪೊರೆಯಲ್ಲಿ ಸೋಡಿಯಂಗೆಂದೇ ಪುಟ್ಟ ಬಾಗಿಲುಗಳಿವೆ. ಅವು ಸಾಲಾಗಿ ತೆರೆದು ಸೋಡಿಯಂ ಒಳನುಗ್ಗಿದರೆ ಮಾತ್ರ ಅಲೆ ಮುಂದುವರಿಯುತ್ತದೆ. ಲಿಗ್ನೋಕೇನ್, ಬುಪಿವಕೇನ್‌ನಂಥ ಔಷಧಗಳು ಆ ಬಾಗಿಲನ್ನು ಮುಚ್ಚುತ್ತವೆ, ಅದೂ ಒಳಗಡೆಯಿಂದ. ಇಷ್ಟು ವರ್ಷ ಅರಿವಳಿಕೆ ಕೊಟ್ಟ ಮೇಲೂ ನನಗೆ ಬೆರಗಾಗುವುದು ಇದಕ್ಕೇ. ಪೊರೆ ಕೊಬ್ಬಿನಿಂದಾದದ್ದು. ವಿದ್ಯುದಂಶವಿಲ್ಲದ ಔಷಧದ ಅಣುಗಳು ಮಾತ್ರ ಅದನ್ನು ಸಲೀಸಾಗಿ ದಾಟುತ್ತವೆ. ಲಿಗ್ನೋಕೇನ್‌ನಲ್ಲಿ ಅಂಥವು ಸುಮಾರು ಕಾಲುಭಾಗ. ಒಳಹೊಕ್ಕ ಮೇಲೆ ಅವುಗಳಲ್ಲಿ ಹೆಚ್ಚಿನವು ವಿದ್ಯುದಂಶ ಪಡೆದು ಬಾಗಿಲಿಗೆ ಅಂಟಿಕೊಳ್ಳುತ್ತವೆ. ಅಲೆ ಅಲ್ಲಿಗೇ ನಿಲ್ಲುತ್ತದೆ.

ನೋವು, ತಂಪು, ಬಿಸಿಯನ್ನು ಒಯ್ಯುವ ತಂತುಗಳು ತೆಳು, ಬೇಗ ಮಣಿಯುತ್ತವೆ. ಒತ್ತಡ, ಎಳೆತ ತಿಳಿಸುವ ದಪ್ಪ ತಂತುಗಳು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಇಂಜೆಕ್ಷನ್ ಆದ ಮೇಲೆ ನಾನು ರೋಗಿಯ ಎರಡೂ ಅಂಗೈ ಹಿಡಿದು ನೋಡುತ್ತೇನೆ. ಮದ್ದು ಹಿಡಿದ ಕೈ ಬೆಚ್ಚಗಾಗಿ, ಹಿಂಗೈಯ ರಕ್ತನಾಳಗಳು ಉಬ್ಬಿರುತ್ತವೆ. ಆಮೇಲೆ ಐಸ್ ತಾಗಿಸುತ್ತೇನೆ. "ಮುಟ್ಟಿದ್ದು ಗೊತ್ತಾಯಿತು, ತಣ್ಣಗಿಲ್ಲ" ಎಂದರೆ ಔಷಧ ಕೆಲಸ ಶುರುಮಾಡಿದೆ ಎಂದರ್ಥ.

ಬಳಿಕ ರಕ್ತ ಔಷಧವನ್ನು ಮೆಲ್ಲಗೆ ಹೊತ್ತೊಯ್ಯುತ್ತದೆ, ಬಾಗಿಲುಗಳು ಮತ್ತೆ ತೆರೆಯುತ್ತವೆ. ಲಿಗ್ನೋಕೇನ್ ಕೆಲವೇ ಗಂಟೆ, ಬುಪಿವಕೇನ್ ಮರುದಿನದವರೆಗೂ ನಿಲ್ಲಬಹುದು. ಇದು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಸ್ವೀಡನ್ನಿನಲ್ಲಿ ಲಿಗ್ನೋಕೇನ್ ತಯಾರಾದದ್ದು 1943ರಲ್ಲಿ. ನರಕ್ಕೆ ಕಾಯಂ ಹಾನಿಯಾಗುವುದು ತೀರಾ ಅಪರೂಪ. ಎರಡು ದಿನ ಕಳೆದರೂ ಜೋಮು ಇಳಿಯದಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಚಿಂತೆ ಬೇರೆಯೇ. ನಮ್ಮ ಕೊಡಗಿನ ಜಡಿಮಳೆಯಲ್ಲಿ ಮನೆಗೆ ಹೋದವರು ಒಲೆಯ ಮುಂದೆ ಕೂರುತ್ತಾರೆ, ಶಾಖ ಕೊಟ್ಟರೆ ಜೋಮು ಇಳಿದೀತೆಂದು ಮರಗಟ್ಟಿದ ಕೈಯನ್ನು ಕೆಂಡದ ಹತ್ತಿರ ಚಾಚುತ್ತಾರೆ. ಚರ್ಮ ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ದಯವಿಟ್ಟು ಬಿಸಿನೀರಿನ ಚೀಲವನ್ನೂ ಇಡಬೇಡಿ. ಕೈಯನ್ನು ಜೋಳಿಗೆಯಲ್ಲಿಡಿ, ಜೋಮು ಪೂರ್ತಿ ಬಿಡುವ ಮೊದಲೇ ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ ನುಂಗಿ.

ಪ್ರಶ್ನೆ: ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಎರಡು ಸಲ ಇಂಜೆಕ್ಷನ್ ಕೊಟ್ಟರೂ ದವಡೆ ಮರಗಟ್ಟಲಿಲ್ಲ. ಔಷಧ ಕೆಟ್ಟಿತ್ತೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಔಷಧ ಕೆಟ್ಟಿರಬೇಕೆಂದೇನಿಲ್ಲ. ಕೀವಾದ ಜಾಗದಲ್ಲಿ ಆಮ್ಲೀಯತೆ ಹೆಚ್ಚು. ಅಲ್ಲಿ ಔಷಧದ ಹೆಚ್ಚಿನ ಅಣುಗಳು ಪೊರೆಯ ಹೊರಗೇ ವಿದ್ಯುದಂಶ ಪಡೆದು, ಒಳಗೆ ಹೋಗಲಾರದೆ ಉಳಿಯುತ್ತವೆ. ಊತವಿದ್ದಲ್ಲಿ ರಕ್ತಸಂಚಾರ ಜಾಸ್ತಿಯಾದ್ದರಿಂದ ಇದ್ದ ಔಷಧವೂ ಬೇಗ ತೊಳೆದುಹೋಗುತ್ತದೆ. ಕೀವಿನಿಂದ ದೂರದಲ್ಲಿ, ದವಡೆಯ ಹಿಂಭಾಗದ ನರಕ್ಕೆ ಕೊಡಲು ಆಗುತ್ತದೆಯೇ ಎಂದು ದಂತವೈದ್ಯರನ್ನು ಕೇಳಿ.