ಮುಟ್ಟಿ ನೋಡುವ ವಿಜ್ಞಾನ ಮ್ಯೂಸಿಯಂ ಹುಟ್ಟಿದ್ದು ಕಾಲೇಜಿನ ಲ್ಯಾಬಿನಲ್ಲೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡುವ ವಿಜ್ಞಾನ ಮ್ಯೂಸಿಯಂ ಒಂದು ಕಾಲೇಜಿನಿಂದ ಶುರುವಾಯಿತಂತೆ, ನಿಜವೇ? ಮಂಡ್ಯದ ನಿಮ್ಮ ಕಾಲೇಜಿನಲ್ಲೂ ಅಂಥದ್ದು ಮಾಡಬೇಕೆಂದರೆ ಮೊದಲು ಏನು ಮಾಡಬೇಕು? ನಾನು ಮೈಸೂರಿನ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಫಿಸಿಕ್ಸ್ ಪಾಠ ಮಾಡಿದವನು. ನನಗೆ ತುಂಬಾ ಇಷ್ಟದ ವಿಷಯ ಇದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೂರ್ತಿ ನಿಜವಲ್ಲ, ಮುಕ್ಕಾಲು ಪಾಲು ನಿಜ. ನೋಡಲು ಬಂದವರೇ ಪ್ರಯೋಗ ನಡೆಸುವ ಏರ್ಪಾಡು ಬರ್ಲಿನ್‌ನಲ್ಲಿ 1888ರಲ್ಲಿ ಶುರುವಾದ ಉರಾನಿಯಾ ಎಂಬ ಸಂಸ್ಥೆಯಲ್ಲೇ ಇತ್ತು. ಆಮೇಲೆ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಬಂತು. ಆದರೆ ಇವತ್ತು ಜಗತ್ತಿನ ಎಲ್ಲಾ ಕಡೆ ಕಾಣುವ ಮಾದರಿಗೆ ದಾರಿ ತೋರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ. ಅದರ ಬೇರು ಒಂದು ಕಾಲೇಜು ಲ್ಯಾಬಿನಲ್ಲಿದೆ.

ಅದನ್ನು ಕಟ್ಟಿದವರು ಫ್ರಾಂಕ್ ಓಪನ್‌ಹೈಮರ್. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಇದ್ದರಲ್ಲ, ಅವರ ತಮ್ಮ. ಇವರೂ ಆ ಯೋಜನೆಯಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ. ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು ಅನ್ನುವ ಕಾರಣಕ್ಕೆ 1949ರಲ್ಲಿ ಮಿನೆಸೊಟಾ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಬೇರೆ ಎಲ್ಲೂ ಸೇರಿಸಿಕೊಳ್ಳಲಿಲ್ಲ. ಕೊಲರಾಡೊದ ಬೆಟ್ಟದ ಸೀಮೆಗೆ ಹೋಗಿ ವರ್ಷಗಟ್ಟಲೆ ದನ ಸಾಕಿದರು. 1957ರ ಹೊತ್ತಿಗೆ ಅಲ್ಲಿನ ಪಗೋಸಾ ಸ್ಪ್ರಿಂಗ್ಸ್ ಎಂಬ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಮಕ್ಕಳನ್ನು ಗುಜರಿ ಸಾಮಾನು ಬಿದ್ದಿರುವ ಜಾಗಕ್ಕೆ ಕರೆದುಕೊಂಡು ಹೋಗಿ, ಹಳೇ ಕಾರಿನ ಭಾಗಗಳಲ್ಲಿ ಫಿಸಿಕ್ಸ್ ತೋರಿಸುತ್ತಿದ್ದರಂತೆ. ಈ ಗುಜರಿಯ ವಿಷಯ ಮೊದಲು ಓದಿದಾಗ ನನಗೆ ಮೈ ಜುಂ ಅಂದಿತ್ತು.

ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಭಾಗ ಇನ್ನು ಮುಂದಿದೆ. ಆಮೇಲೆ ಅವರು ಕೊಲರಾಡೊ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮಾಡಿದ ವ್ಯವಸ್ಥೆಗೆ 'ಪ್ರಯೋಗಗಳ ಲೈಬ್ರರಿ' ಅಂತ ಹೆಸರು. ನೂರರ ಹತ್ತಿರ ಪ್ರಯೋಗಗಳನ್ನು ಜೋಡಿಸಿ, ಹಾಗೇ ಇಟ್ಟುಬಿಟ್ಟರು. ಲೈಬ್ರರಿಯಲ್ಲಿ ಬೇಕಾದ ಪುಸ್ತಕ ತೆಗೆದು ಓದುವ ಹಾಗೆ, ಹುಡುಗರು ಬೇಕಾದಾಗ ಬಂದು ಬೇಕಾದ ಪ್ರಯೋಗ ಮಾಡಬಹುದು. ಈ ಬಗ್ಗೆ ಅವರು ಮತ್ತು ಸಹೋದ್ಯೋಗಿ ಮಾಲ್ಕಮ್ ಕೊರೆಲ್ 1964ರಲ್ಲಿ ಒಂದು ಲೇಖನವನ್ನೂ ಬರೆದರು. 1965ರಲ್ಲಿ ಯುರೋಪಿಗೆ ಹೋದಾಗ ಲಂಡನ್, ಪ್ಯಾರಿಸ್, ಮ್ಯೂನಿಕ್‌ನ ಮ್ಯೂಸಿಯಂ ನೋಡಿದರು. ಈ ಲೈಬ್ರರಿಯನ್ನು ಊರಿನ ಜನಕ್ಕೆಲ್ಲ ತೆರೆದರೆ ಹೇಗೆ ಅನ್ನುವುದು ಅವರ ಯೋಚನೆ. 1969ರಲ್ಲಿ, 1915ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದ ಒಂದು ದೊಡ್ಡ ಹಾಲ್‌ನಲ್ಲಿ ಎಕ್ಸ್‌ಪ್ಲೊರೇಟೋರಿಯಂ ಶುರುವಾಯಿತು. ವರ್ಕ್‌ಶಾಪನ್ನು ಹಿಂದೆಲ್ಲೋ ಮುಚ್ಚಿಡದೆ, ಬಂದವರಿಗೆಲ್ಲ ಕಾಣುವ ಹಾಗೆ ಹಾಲ್‌ನಲ್ಲೇ ಇಟ್ಟರು. ಬಂದವರ ಜೊತೆ ನಿಂತು ಮಾತಾಡಲು ಹೈಸ್ಕೂಲ್ ಹುಡುಗ ಹುಡುಗಿಯರನ್ನೇ ಸಂಬಳ ಕೊಟ್ಟು ನೇಮಿಸಿದರು.

ನಮ್ಮ ದೇಶದಲ್ಲೂ ಕಾಲೇಜಿನ ನಂಟು ಇದೆ. ರಾಜಸ್ಥಾನದ ಪಿಲಾನಿಯಲ್ಲಿ 1954ರಲ್ಲಿ ಶುರುವಾದ ಬಿರ್ಲಾ ಮ್ಯೂಸಿಯಂ ಅಲ್ಲಿನ ಕಾಲೇಜು ಆವರಣದ ಕೂಸೇ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ 1965ರಲ್ಲಿ ಜನರಿಗೆ ತೆರೆದದ್ದು, ಶಾಲೆ ಟೂರಿನಲ್ಲಿ ನೀವೂ ನೋಡಿರುತ್ತೀರಿ ಅಲ್ವಾ? ಮೈಸೂರಿಗೆ ಬಂದರೆ ಕಾರಂಜಿ ಕೆರೆ ಪಕ್ಕದ ನಿಸರ್ಗ ವಿಜ್ಞಾನದ ಮ್ಯೂಸಿಯಂ ನೋಡಿ. ಅದು 1995ರಲ್ಲಿ ತೆರೆದದ್ದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ದುಡ್ಡು, ಕಟ್ಟಡ ಅಂತ ಕಾಯಬೇಡಿ. ಲ್ಯಾಬಿನ ಬೀರುವಿನಿಂದ ಒಂದು ಪ್ರಯೋಗವನ್ನು ಆಚೆ ತೆಗೆದು, ಹುಡುಗರು ಓಡಾಡುವ ಕಡೆ ಇಡಿ. ವಾಪಸ್ ಒಳಗೆ ಇಡಬೇಡಿ. ನಮ್ಮ ಕಾಲೇಜಿನಲ್ಲಿ ನಾನು ಮಾಡಿದ್ದು ಅಷ್ಟೇ. ಮೊದಲು ಒಪ್ಪಿಗೆ ಸಿಗಲಿಲ್ಲ. ಏನಾದರೂ ಒಡೆದರೆ ಸ್ಟಾಕ್ ಬುಕ್ಕಿಗೆ ಏನು ಬರೆಯೋದು ಅಂತ ಕೇಳಿದರು. ಅದಕ್ಕೆ ಸ್ಟಾಕ್ ಬುಕ್ಕಿನಲ್ಲಿ ಇಲ್ಲದ ಸಾಮಾನನ್ನೇ ಹುಡುಕಿದೆ. ಕಾರಿಡಾರಿನ ಎರಡು ಕಂಬಗಳ ನಡುವೆ ಒಂದು ದಾರ ಅಡ್ಡ ಕಟ್ಟಿದೆ, ಸ್ವಲ್ಪ ಸಡಿಲವಾಗಿ. ಅದರಿಂದ ಒಂದೇ ಅಳತೆಯ ಎರಡು ಹಳೇ ಬೀಗ ಇಳಿಬಿಟ್ಟೆ, ಎರಡಕ್ಕೂ ಒಂದೇ ಉದ್ದದ ದಾರ.

ಒಂದು ಬೀಗವನ್ನು ನಿಮ್ಮ ಕಡೆಗೆ ಎಳೆದು ಬಿಡಿ. ಅದು ತೂಗುತ್ತಾ ತೂಗುತ್ತಾ ನಿಧಾನವಾಗುತ್ತದೆ. ಸುಮ್ನೆ ನಿಂತಿದ್ದ ಇನ್ನೊಂದು ಅಲ್ಲಾಡಲು ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಮೊದಲನೆಯದು ಪೂರ್ತಿ ನಿಂತು, ಎರಡನೆಯದೇ ಜೋರಾಗಿ ತೂಗುತ್ತಿರುತ್ತದೆ. ಆಮೇಲೆ ಮತ್ತೆ ತಿರುಗಾಮುರುಗಾ. ಮದ್ದೂರು ಕಡೆಯಿಂದ ಬರುತ್ತಿದ್ದ ಬಿಎ ಹುಡುಗಿ ಒಬ್ಬಳು ಇದನ್ನು ನೋಡಿ ನಿಂತೇಬಿಟ್ಟಳು. "ಇದ್ರ ಓಟ ಅದ್ಕೆ ಹೋಯ್ತಲ್ಲ ಸಾರ್, ಒಂದಕ್ಕೊಂದು ತಾಗ್ಲೇ ಇಲ್ಲ!" ಅಂದಳು. ನಾನು ಉತ್ತರ ಹೇಳಲಿಲ್ಲ, ಹೇಳಬೇಕು ಅನ್ನಿಸಿದರೂ ತಡೆದುಕೊಂಡೆ. ಮಾರನೇ ದಿನ ಅವಳೇ ಒಂದು ದಾರವನ್ನು ಗೇಣುದ್ದ ಮೇಲಕ್ಕೆ ಸುತ್ತಿ ನೋಡುತ್ತಿದ್ದಳು. ಈಗ ಎರಡನೇ ಬೀಗ ಚೂರೇ ಚೂರು ಅಲ್ಲಾಡಿತು. ಮೊದಲನೆಯದು ನಿಲ್ಲಲೇ ಇಲ್ಲ. ಬಸ್ಸಿನ ಟೈಮಿನವರೆಗೂ ಸುತ್ತೋದು, ಬಿಚ್ಚೋದು. ವಾರದ ಕೊನೆಗೆ ಬಂದು, "ಉದ್ದ ಒಂದೇ ಇದ್ರೆ ಮಾತ್ರ ಪೂರ್ತಿ ಕೊಡುತ್ತೆ ಸಾರ್" ಅಂದಳು. ಫಿಸಿಕ್ಸ್ ಓದದ ಹುಡುಗಿ ಅನುರಣನವನ್ನು, ಅಂದರೆ ತೂಗುವ ಲಯ ಒಂದೇ ಆದಾಗ ಒಂದರ ಓಟ ಇನ್ನೊಂದಕ್ಕೆ ಪೂರ್ತಿ ಹೋಗುವುದನ್ನು, ತಾನೇ ಕಂಡುಹಿಡಿದಿದ್ದಳು.

ಇಂಥದ್ದಕ್ಕೆ ಮಾರ್ಕ್ಸ್ ಇಡಬೇಡಿ, ರೆಕಾರ್ಡ್ ಬರೆಸಬೇಡಿ. ರಿಪೇರಿಗೆ ಒಂದು ಟೇಬಲ್, ಇಕ್ಕಳ, ದಾರ, ಸ್ಕ್ರೂಡ್ರೈವರ್ ಅಲ್ಲೇ ಇರಲಿ. ಸಾಮಾನು ಹಾಳಾಗೇ ಆಗುತ್ತದೆ, ನಮ್ಮ ದಾರವೇ ತಿಂಗಳಿಗೆ ಎರಡು ಸಲ ಕಿತ್ತು ಹೋಗುತ್ತಿತ್ತು. ಕಟ್ಟಿಕೊಡುವ ಕೆಲಸ ಹುಡುಗರಿಗೇ ಬಿಡಿ. ಪಕ್ಕದಲ್ಲಿ ಬೋರ್ಡ್ ಹಾಕುವುದಾದರೆ 'ಒಂದನ್ನು ಎಳೆದು ಬಿಡಿ' ಅಂತ ಮಾತ್ರ ಬರೆಯಿರಿ. ದಾರದ ಉದ್ದದ ವಿಷಯ ಬರೆಯಬೇಡಿ.