10 ಡಿಗ್ರಿಗೇ ವೇಗ ದುಪ್ಪಟ್ಟು ಆಗೋದು ಹೇಗೆ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಬಿಸಿ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂದು ಓದಿದೆ. ಅಣುಗಳು ಜೋರಾಗಿ ಓಡಿ ಜಾಸ್ತಿ ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ಅಂತಾರೆ. ಕಾರಣ ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ. ಮುಖ್ಯ ಕಾರಣವನ್ನೇ ಬಿಟ್ಟು ಪಾಠ ಮುಗಿಸಿಬಿಡುತ್ತಾರೆ, ನನಗೆ ಅದೇ ಬೇಜಾರು. ನೀವೇ ಲೆಕ್ಕ ಹಾಕಿ. 27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್. ಅದನ್ನು 310ಕ್ಕೆ ಏರಿಸಿದರೆ ಅನಿಲದ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ. 2ಕ್ಕಿಂತ ಕಡಿಮೆ. ಡಿಕ್ಕಿಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಇಷ್ಟರಿಂದ ದುಪ್ಪಟ್ಟು ಆಗಲ್ಲ ಅಲ್ವಾ?

ಡಿಕ್ಕಿ ಹೊಡೆದ ಅಣುಗಳೆಲ್ಲ ಬದಲಾಗುವುದಿಲ್ಲ. ಬಹುಪಾಲು ಸುಮ್ನೆ ತಗುಲಿ ಹಿಂದಕ್ಕೆ ಹೋಗುತ್ತವೆ. ಹಳೆಯ ಬಂಧ ಸಡಿಲವಾಗುವಷ್ಟು ಜೋರಾಗಿ ಬಡಿದರೆ ಮಾತ್ರ ಕ್ರಿಯೆ ನಡೆಯುತ್ತದೆ. ಅದಕ್ಕೆ ಬೇಕಾದ ಕನಿಷ್ಠ ಶಕ್ತಿಯೇ ನಿಮ್ಮ ಪುಸ್ತಕದ ಆಕ್ಟಿವೇಶನ್ ಎನರ್ಜಿ. ಒಂದು ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) 50 ಕಿಲೋಜೌಲ್ ಶಕ್ತಿ ಬೇಕಾದ ಕ್ರಿಯೆ ಎಂದುಕೊಳ್ಳಿ. 300 ಕೆಲ್ವಿನ್‌ನಲ್ಲಿ ನೂರು ಕೋಟಿ ಡಿಕ್ಕಿಗಳಲ್ಲಿ ಅಷ್ಟು ಶಕ್ತಿ ಇರುವುದು ಸುಮಾರು 2ಕ್ಕೆ. 310ರಲ್ಲಿ ಅದು ಹತ್ತಿರ ಹತ್ತಿರ 4! ದುಪ್ಪಟ್ಟು ಬಂದದ್ದು ಇಲ್ಲಿಂದ. ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1889ರಲ್ಲಿ ವಿವರಿಸಿದ ಸೂತ್ರದಿಂದ ಈ ಲೆಕ್ಕವನ್ನು ನೀವೂ ಮಾಡಬಹುದು, ಕ್ಯಾಲ್ಕ್ಯುಲೇಟರ್ ಹಿಡಿದು ಒಮ್ಮೆ ಮಾಡಿಯೇ ನೋಡಿ.

ಈ 'ಎರಡು ಪಟ್ಟು' ಎಲ್ಲ ಕಡೆ ನಡೆಯುವ ನಿಯಮ ಅಲ್ಲ. 100 ಕಿಲೋಜೌಲ್ ಬೇಕಾದ ಕ್ರಿಯೆಯಾದರೆ ಅದೇ 10 ಡಿಗ್ರಿಗೆ ವೇಗ ಮೂರೂವರೆ ಪಟ್ಟು ದಾಟುತ್ತದೆ.

ಅಡುಗೆಮನೆಯಲ್ಲೂ ಇದನ್ನು ನೋಡಬಹುದು. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ಕುಕ್ಕರಿನೊಳಗೆ ಒತ್ತಡ ಜಾಸ್ತಿ, ಹಾಗಾಗಿ ಬಿಸಿ 120ರ ಹತ್ತಿರ ಹೋಗುತ್ತದೆ. ಬೇಳೆ ಬೇಗ ಬೇಯುವುದು ಆ ಇಪ್ಪತ್ತು ಚಿಲ್ಲರೆ ಡಿಗ್ರಿಗಳಿಂದ.

ಮೊಸರಿನ ವಿಷಯ ಮಾತ್ರ ಬೇರೆ. ಹೆಪ್ಪು ಹಾಕುವಾಗ ಹಾಲು ಉಗುರು ಬೆಚ್ಚಗೆ ಇರಬೇಕು ಅಂತಾರಲ್ಲ, ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಅದರ ಕಿಣ್ವಗಳು (ಎಂಜೈಮ್‌ಗಳು). ತಣ್ಣಗಿದ್ದರೆ ನಿಧಾನ, ಬೆಚ್ಚಗಿದ್ದರೆ ಚುರುಕು. ಬೇಗ ಆಗಲಿ ಎಂದು ಕುದಿಯುವ ಹಾಲಿಗೇ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸತ್ತು, ಕಿಣ್ವಗಳೂ ಕೆಟ್ಟು, ಬೆಳಗ್ಗೆ ಪಾತ್ರೆಯಲ್ಲಿ ಹಾಲೇ ಇರುತ್ತದೆ.